ತಗಡು ಬಡಿದರೆ ಯುದ್ಧವಾಗುತ್ತದೆಯೇ?

ಧಾರವಾಡದ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ನಾವು ಹಳೆಯ ರೇಡಿಯೋ ನಾಟಕಗಳನ್ನು ಹೊಗಳಿದ್ದು ನಿಮಗೆ ಹಿಡಿಸಲಿಲ್ಲ. "ತೆಂಗಿನ ಚಿಪ್ಪು ಬಡಿದು ಕುದುರೆ ಓಡಿಸಬಹುದು, ತಗಡು ಬಡಿದು ಯುದ್ಧ ಮಾಡೋಕಾಗುತ್ತಾ? ಕಣ್ಣಿಗೇ ಕಾಣದ ಸೈನಿಕ ಸತ್ತರೇನು, ಬದುಕಿದರೇನು?" ಎಂದು ಕೇಳಿದ್ದೀರಿ. ಓದಿ ನಕ್ಕೆ. ಆಮೇಲೆ ಕೂತು ಯೋಚಿಸಿದರೆ, ನಿಮ್ಮ ತಕರಾರಿನಲ್ಲಿ ಅರ್ಧ ನ್ಯಾಯವಿದೆ.

ಬರೀ ಢಂ ಢಂ ಸದ್ದಿನಿಂದ ಯುದ್ಧ ಹುಟ್ಟುವುದಿಲ್ಲ, ಒಪ್ಪಿದೆ. ಆದರೆ ಕಾಣದಿರುವುದು ಕೊರತೆ ಅಂತೀರಲ್ಲ, ಅಲ್ಲಿ ನನ್ನ ಜಗಳ.

1929ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಯೊಹಾನ್ಸೆನ್ ಒಂದು ರೇಡಿಯೋ ನಾಟಕ ಬರೆದರು. ಹೆಸರು 'ಬ್ರಿಗೇಡ್‌ಫರ್ಮಿಟ್ಲುಂಗ್', ಅಂದರೆ ಬ್ರಿಗೇಡಿನ (ಸೈನ್ಯದ ಒಂದು ದೊಡ್ಡ ತುಕಡಿಯ) ಟೆಲಿಫೋನ್ ಎಕ್ಸ್‌ಚೇಂಜ್. ಅದೇ ವರ್ಷ ಮ್ಯೂನಿಕ್ ಕೇಂದ್ರದಿಂದ ಪ್ರಸಾರವಾಯಿತು. ಮೊದಲ ಮಹಾಯುದ್ಧ ಮುಗಿದು ಆಗಿನ್ನೂ 11 ವರ್ಷ. ಕೇಳಿದವರಲ್ಲಿ ಎಷ್ಟೋ ಜನ ಆ ಯುದ್ಧದಿಂದ ವಾಪಸ್ ಬಂದವರೇ ಇದ್ದಿರಬೇಕು.

ನಾಟಕ ನಡೆಯುವುದು ನೆಲದಡಿಯ ಒಂದು ಬಂಕರಿನಲ್ಲಿ. ಅಲ್ಲಿರುವ ಆಪರೇಟರುಗಳ ಕೆಲಸ ಫೋನ್ ಜೋಡಿಸುವುದು. ಮೇಲೆ ನಡೆಯುತ್ತಿರುವ ಯುದ್ಧ ಅವರಿಗೂ ಕಾಣುವುದಿಲ್ಲ! ಅವರಿಗೆ ಗೊತ್ತಾಗುವುದೆಲ್ಲ ತಂತಿಯಲ್ಲಿ ಬರುವ ದನಿಗಳಿಂದ. ಮನೆಯಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ ಕೇಳುಗನದೂ ಅದೇ ಪಾಡು, ಅಲ್ವಾ? ಸೈನಿಕನಿಗೆ ಕಂಡಷ್ಟೇ ಇವನಿಗೂ ಕಾಣುತ್ತದೆ. ಏನೂ ಇಲ್ಲ.

ಆ ಯುದ್ಧದಲ್ಲಿ ಟೆಲಿಫೋನ್ ತಂತಿಗಳು ನೆಲದ ಮೇಲೆ, ಕಂದಕಗಳ ಉದ್ದಕ್ಕೂ ಹಾಯುತ್ತಿದ್ದವು. ಶೆಲ್ ಬಿದ್ದರೆ ತಂತಿ ಕಡಿಯುತ್ತಿತ್ತು. ರಿಪೇರಿಗೆ ಹೋದವನು ಕತ್ತಲಲ್ಲಿ ತಂತಿಯನ್ನು ಕೈಯಿಂದ ತಡವುತ್ತಾ ತುಂಡಾದ ಜಾಗ ಹುಡುಕಬೇಕು. ಇತ್ತ ಎಕ್ಸ್‌ಚೇಂಜಿನಲ್ಲಿ ಕೂತವನಿಗೆ ಉತ್ತರ ಬರದಿದ್ದರೆ ಏನರ್ಥ? ತಂತಿ ಕಡಿದಿರಬಹುದು. ಆ ಕಡೆಯವನೇ ಹೋಗಿರಬಹುದು. ಇದನ್ನು ಹೇಳಲು ತಗಡು ಬೇಕಿಲ್ಲ, ಸುಮ್ನೆ ಒಂದು ಕ್ಷಣ ಮೌನ ಸಾಕು.

'ಜರ್ನೀಸ್ ಎಂಡ್' ಯಾಕೆ ಬಿಟ್ಟಿರಿ ಎಂದೂ ಕೇಳಿದ್ದೀರಿ. ಆರ್. ಸಿ. ಶೆರಿಫ್ ಅವರ ಆ ನಾಟಕವನ್ನು ಬಿಬಿಸಿ 1929ರ ನವೆಂಬರ್ 11ರಂದು, ಯುದ್ಧ ನಿಂತ ದಿನದ ನೆನಪಿಗೆ, ಪ್ರಸಾರ ಮಾಡಿತು. ಅದೂ ಬಂಕರಿನ ಕಥೆಯೇ. ಆದರೆ ಅದು ರಂಗಕ್ಕಾಗಿ ಬರೆದದ್ದು, ಲಂಡನ್ನಿನಲ್ಲಿ ಮೊದಲೇ ಹೆಸರು ಮಾಡಿತ್ತು. ಯೊಹಾನ್ಸೆನ್ನರ ನಾಟಕವನ್ನು ವೇದಿಕೆಗೆ ತಂದರೆ ಏನು ನೋಡುತ್ತೀರಿ? ಫೋನ್ ಹಿಡಿದು ಕೂತ ನಾಲ್ಕು ಜನರನ್ನು. ನನಗಂತೂ ಆಕಳಿಕೆ ಬರುತ್ತದೆ.

ಕತ್ತಲನ್ನು ಹೀಗೆ ಬಳಸುವುದು ಹೊಸದೇನಲ್ಲ ಬಿಡಿ. 1924ರಲ್ಲೇ ರಿಚರ್ಡ್ ಹ್ಯೂಸ್ ಬಿಬಿಸಿಗೆ ಬರೆದ ರೇಡಿಯೋ ನಾಟಕ 'ಡೇಂಜರ್' ಕಲ್ಲಿದ್ದಲು ಗಣಿಯಲ್ಲಿ ದೀಪ ಆರಿದಾಗ ಶುರುವಾಗುತ್ತದೆ.

ಇನ್ನು, ಬರೆದವರು ಯುದ್ಧ ಕಂಡವರೇ ಎಂಬ ಪ್ರಶ್ನೆ. ಹೌದು, ಯೊಹಾನ್ಸೆನ್, ಶೆರಿಫ್ ಇಬ್ಬರೂ ಕಂಡವರೇ, ಎದುರುಬದುರು ಪಾಳೆಯದಲ್ಲಿದ್ದವರು. ಶೆರಿಫ್ 1917ರಲ್ಲಿ ಬೆಲ್ಜಿಯಂನ ಪ್ಯಾಶನ್‌ಡೇಲ್ ಬಳಿ ಗಾಯಗೊಂಡರು. ಯೊಹಾನ್ಸೆನ್ 1939ರಲ್ಲಿ ಹಿಟ್ಲರನ ಜರ್ಮನಿ ಬಿಟ್ಟು ಹೊರಟರು. ಹೋಗಿ ಸೇರಿದ್ದು ಎಲ್ಲಿಗೆ ಗೊತ್ತೇ? ಲಂಡನ್ನಿಗೆ.

— ಸಂಪಾದಕ