ಹಬ್ಬದ ಕಮಿಟಿ ಬೇಡ ಅಂದವರು

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬರ ಪ್ರಕರಣ ಇದು, ಬರೆಯಲು ಆಕೆಯ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಆಕೆಗೆ ಮೂವತ್ತೈದರ ಆಸುಪಾಸು. ರೋಗಿಗಳ ಮನೆಗೆ ವೈದ್ಯಕೀಯ ಸಾಮಗ್ರಿ ಕಳಿಸುವ ಕಂಪನಿಯಲ್ಲಿ ಕೆಲಸ. ಆಕ್ಸಿಜನ್ ಯಂತ್ರ, ಮಡಚುವ ಮಂಚ, ವೀಲ್‌ಚೇರ್, ಗಾಯದ ಪಟ್ಟಿ, ಮೂತ್ರದ ಚೀಲ, ಇಂಥವು. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಸಾಮಾನು ಹೊತ್ತಿಗೆ ಸರಿಯಾಗಿ ತಲುಪಿತಾ ಅಂತ ನೋಡುವುದು, ಯಂತ್ರ ವಾಪಸ್ ಬಂದರೆ ಲೆಕ್ಕಕ್ಕೆ ಹಿಡಿಯುವುದು ಆಕೆಯ ಪಾಲು. ಇದರ ಜೊತೆಗೆ ಆರು ವರ್ಷದಿಂದ ಇನ್ನೊಂದು ಕೆಲಸ ಅಂಟಿಕೊಂಡಿತ್ತು. ಹಬ್ಬದ ಕಮಿಟಿ. "ನೀವು ಯಾವಾಗಲೂ ನಗ್ತಾ ಇರ್ತೀರಲ್ಲ, ನೀವೇ ನೋಡ್ಕೊಳ್ಳಿ" ಅಂತ ಮೊದಲ ವರ್ಷ ಯಾರೋ ಅಂದರು. ಎರಡನೇ ವರ್ಷದಿಂದ ಕೇಳುವ ಗೋಜಿಗೂ ಯಾರೂ ಹೋಗಲಿಲ್ಲ.

ನನ್ನ ಮುಂದೆ ಕೂತು ಆಡಿದ ಮೊದಲ ಮಾತು: "ಹಬ್ಬ ಅಂದ್ರೆ ಮೈ ಉರಿಯುತ್ತೆ. ನಾನು ಕೆಟ್ಟವಳಾಗಿಬಿಟ್ನಾ?"

ನಡೆದದ್ದು ಇಷ್ಟು. ಆಫೀಸಿನ ಹಬ್ಬಕ್ಕೆ ಮೂರು ದಿನ ಇತ್ತು. ಆಕೆ ಸ್ಟೋರಿನ ಮೂಲೆಯಲ್ಲಿ ಬಲೂನು ಊದುತ್ತಿದ್ದರು. ಅರ್ಧ ಊದಿದ ಬಲೂನನ್ನು ಹಾಗೇ ಬಿಟ್ಟು, ಹೊರಗೆ ಹೋಗಿ, ಕಾರಿನಲ್ಲಿ ಒಂದು ಗಂಟೆ ಸುಮ್ಮನೆ ಕೂತರು. ಆಮೇಲೆ ಬಂದು ಕಮಿಟಿ ಬೇಡ ಅಂದರು. ಮ್ಯಾನೇಜರ್ ಬೈಯಲಿಲ್ಲ. "ಟೀಮ್ ಸ್ಪಿರಿಟ್ ಇರಬೇಕಲ್ವಾ?" ಅಂದರು, ಅಷ್ಟೇ. ಆಕೆಗೆ ಬೈದಿದ್ದರೇ ವಾಸಿ ಅನಿಸಿತಂತೆ.

ನಾನು ಮೊದಲು ನೋಡಿದ್ದು ಖಿನ್ನತೆ ಇದೆಯಾ ಅಂತ. ಕಳೆದ ಎರಡು ವಾರದ ನಿದ್ದೆ, ಹಸಿವು, ಆಸಕ್ತಿ, ಬದುಕು ಸಾಕು ಅನ್ನುವ ಯೋಚನೆ, ಹೀಗೆ 9 ಪ್ರಶ್ನೆ ಕೇಳುವ ಪಟ್ಟಿಯೊಂದಿದೆ. 27ಕ್ಕೆ ಆಕೆಯ ಅಂಕ 8. ಅಂದರೆ ಸೌಮ್ಯ. 10 ಮುಟ್ಟಿದ್ದರೆ ಅಥವಾ ಸಾಯುವ ಯೋಚನೆ ಚೂರು ಇದ್ದಿದ್ದರೂ ವೈದ್ಯರ ಹತ್ತಿರ ಕಳಿಸುತ್ತಿದ್ದೆ. ಅದು ಬೇಕಾಗಲಿಲ್ಲ.

ಆಮೇಲೆ ಕೇಳಿದೆ. "ಬಲೂನು ಊದುವಾಗ ಕಣ್ಣೆದುರು ಏನಿತ್ತು?"

ತುಂಬಾ ಹೊತ್ತು ಸುಮ್ಮನಿದ್ದರು. ಎದುರಿಗಿದ್ದದ್ದು ವಾಪಸ್ ಬಂದ ಆಕ್ಸಿಜನ್ ಯಂತ್ರ. ಗಾಳಿಯಿಂದ ನೈಟ್ರೋಜನ್ ಸೋಸಿ ರೋಗಿಗೆ ಆಕ್ಸಿಜನ್ ಕೊಡುವಂಥದ್ದು. ಅಂಥ ಯಂತ್ರದಲ್ಲಿ ಪುಟ್ಟ ಮೀಟರ್ ಇರುತ್ತದೆ. ಯಂತ್ರ ಓಡಿದ ಒಟ್ಟು ಗಂಟೆಗಳನ್ನು ಎಣಿಸುತ್ತಾ ಹೋಗುತ್ತದೆ. ಸರ್ವೀಸ್ ಯಾವಾಗ ಅಂತ ಗೊತ್ತಾಗಲಿ ಅಂತ ಇಟ್ಟಿದ್ದು, ಬೇರೇನಿಲ್ಲ. ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 8,760 ಗಂಟೆ. ಈ ಯಂತ್ರ ತೋರಿಸುತ್ತಿದ್ದದ್ದು 26 ಸಾವಿರ ಚಿಲ್ಲರೆ. ಹೊಸದಾಗಿ ಒಂದೇ ಮನೆಗೆ ಹೋಗಿದ್ದ ಯಂತ್ರ. ಮೂರು ವರ್ಷ ಒಬ್ಬರ ಉಸಿರಿನ ಜೊತೆ ಓಡಿತ್ತು.

ಆ ಒಬ್ಬರನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ. ಆದರೆ ತಿಂಗಳಿಗೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದರು. ಮೂಗಿನ ಕೊಳವೆ ಮುಗಿಯಿತು ಅಂತ ಶುರುವಾದ ಮಾತು, ಮಕ್ಕಳ ಪರೀಕ್ಷೆ ಹೇಗಾಯಿತು ಅನ್ನುವಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಸಾವಿನ ಸುದ್ದಿಯನ್ನು ಯಾರೂ ಹೇಳಲಿಲ್ಲ. ವಾಪಸಾತಿ ಫಾರಮ್ಮಿನ 'ಕಾರಣ' ಅನ್ನುವ ಕಾಲಮ್ಮಿನಲ್ಲಿ ಎರಡಂಕಿಯ ಕೋಡ್ ಇತ್ತು. ಆಕೆಗೆ ಆ ಕೋಡ್ ಬಾಯಿಪಾಠ. ಮೀಟರ್ ಓದಿ ಬರೆದರು, ಸಹಿ ಹಾಕಿದರು, ಮತ್ತೆ ಬಲೂನು ಕೈಗೆತ್ತಿಕೊಂಡರು. ಊದಲು ಆಗಲಿಲ್ಲ.

"ಅವರು ನನಗೇನೂ ಆಗಬೇಕಿರಲಿಲ್ಲ. ಅಳೋಕೂ ಹಕ್ಕಿಲ್ಲ ಅನಿಸುತ್ತೆ" ಅಂದರು.

ಇಂಥ ದುಃಖಕ್ಕೆ ನಮ್ಮ ವೃತ್ತಿಯಲ್ಲಿ ಹೆಸರಿದೆ. ಸಮಾಜ ಒಪ್ಪದ, ಯಾರೂ ಬಂದು ಸಮಾಧಾನ ಹೇಳದ ಶೋಕ. ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನ್ನೆತ್ ಡೋಕಾ 1989ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ನಾನು ಪಾಠ ಒಪ್ಪಿಸಲು ಹೋಗಲಿಲ್ಲ. "ಮೂರು ವರ್ಷ ಮಾತಾಡಿದವರು ಹೋದರೆ ದುಃಖ ಆಗದೆ ಇನ್ನೇನಾಗಬೇಕು?" ಅಂದೆ. ಅವತ್ತು ಆಕೆ ಅತ್ತರು.

ಇಲ್ಲಿಗೆ ವಿಷಯ ತಿಳಿಯಿತು ಅಂದುಕೊಂಡೆ. ಅದು ನನ್ನ ತಪ್ಪು. ಸಲಹೆಯನ್ನೂ ಅವಸರದಲ್ಲೇ ಕೊಟ್ಟೆ: "ಈ ಸಲ ಹಬ್ಬಕ್ಕೆ ಹೋಗಲೇಬೇಡಿ." ಆಕೆ ಹೋಗಲಿಲ್ಲ. ಎಲ್ಲರೂ ಪಕ್ಕದ ಹಾಲಿನಲ್ಲಿ ಹಾಡುತ್ತಿದ್ದಾಗ ಒಬ್ಬರೇ ಫೋನಿಗೆ ಕೂತರು. ರಜೆಯ ಹಿಂದಿನ ದಿನ ಬೇರೆ. ನಾಲ್ಕು ದಿನ ಬಾಗಿಲು ಮುಚ್ಚುತ್ತೆ ಅಂತ ಎಲ್ಲ ಮನೆಯವರೂ ಒಟ್ಟಿಗೇ ಸಾಮಾನು ಕೇಳುವ ದಿನ. ಮುಂದಿನ ವಾರ ಬಂದಾಗ ಮೊದಲಿಗಿಂತ ಜಾಸ್ತಿ ಬಳಲಿದ್ದರು. "ನಂಗೆ ಹಬ್ಬ ಬೇಡ ಅಂತ ನಾನೆಲ್ಲಿ ಹೇಳಿದೆ?" ಅಂತ ನನ್ನನ್ನೇ ಕೇಳಿದರು. ಸರಿಯಾದ ಪ್ರಶ್ನೆ.

ಆಗ ಹೊರಗೆ ಬಂದದ್ದು ವೀಲ್‌ಚೇರ್ ಕಥೆ.

ಹಬ್ಬದ ಹೆಸರಿನಲ್ಲಿ ಕಂಪನಿ ಪ್ರತಿ ವರ್ಷ ವೃದ್ಧರ ಮನೆಯೊಂದಕ್ಕೆ ಏನಾದರೂ ಕೊಡುತ್ತದೆ. ಬ್ಯಾನರ್, ಫೋಟೋ, ಚಪ್ಪಾಳೆ. ಈ ವರ್ಷದ ಪಟ್ಟಿಯಲ್ಲಿ 12 ವೀಲ್‌ಚೇರ್, ಎಲ್ಲ ಒಂದೇ ಅಳತೆಯವು. ಗೋದಾಮಿನಲ್ಲಿ ಉಳಿದವು ಅನ್ನಿ. ಜೊತೆಗೆ ಇನ್ನೆರಡು ತಿಂಗಳಲ್ಲಿ ಅವಧಿ ಮುಗಿಯುವ ಗಾಯದ ಪಟ್ಟಿಗಳ ಪೆಟ್ಟಿಗೆಗಳು. ಅಳತೆ ಹೊಂದದ ಕುರ್ಚಿಯಲ್ಲಿ ದಿನವಿಡೀ ಕೂತರೆ ಒತ್ತುಹುಣ್ಣು ಆಗಬಹುದು. ಆ ಹುಣ್ಣಿಗೆ ಹಾಕುವ ಪಟ್ಟಿಯ ಆರ್ಡರ್ ಬರೆದುಕೊಳ್ಳುವವರೂ ಆಕೆಯೇ! ಮೀಟಿಂಗಿನಲ್ಲಿ ಇದನ್ನು ಹೇಳಿದ್ದಕ್ಕೆ ಒಬ್ಬರು, "ಫ್ರೀಯಾಗಿ ಕೊಡೋದಕ್ಕೂ ತಕರಾರಾ?" ಅಂದರಂತೆ. ಎಲ್ಲರೂ ನಕ್ಕರು. ಆಕೆಯೂ ನಕ್ಕರು. ಆರು ವರ್ಷದ ಅಭ್ಯಾಸ.

ಕೋಪದ ಬೇರು ಇಲ್ಲಿತ್ತು. ದುಃಖ ಒಂದು ಕಡೆಯಾದರೆ, ತನಗೆ ಚೆನ್ನಾಗಿ ಗೊತ್ತಿರುವ ವಿಷಯ ಲೆಕ್ಕಕ್ಕೇ ಬರಲಿಲ್ಲ ಅನ್ನುವುದು ಇನ್ನೊಂದು ಕಡೆ. ನಗುವುದಕ್ಕೆ ಬೇಕಾಗಿದ್ದರು, ಹೇಳುವುದಕ್ಕೆ ಬೇಡವಾಗಿದ್ದರು. ಇದನ್ನು ನಾನು 'ಮನಸ್ಸು ಹಗುರ ಮಾಡಿಕೊಳ್ಳಿ' ಅಂತ ಮುಗಿಸಿದ್ದರೆ ಅನ್ಯಾಯವಾಗುತ್ತಿತ್ತು.

ಹಾಗಾಗಿ ಮೂರನೇ ಭೇಟಿಯಲ್ಲಿ ಮನಸ್ಸಿನ ಮಾತು ಕಡಿಮೆ, ಕಾಗದದ ಕೆಲಸ ಜಾಸ್ತಿ. ಇಬ್ಬರೂ ಕೂತು ಮ್ಯಾನೇಜರಿಗೆ ಒಂದು ಪುಟ ಬರೆದೆವು. 'ನನಗೆ ಬೇಜಾರಾಗಿದೆ' ಅನ್ನುವ ಸಾಲು ಅದರಲ್ಲಿ ಇರಬಾರದು ಅಂದೆ. ಆ ಸಾಲಿದ್ದರೆ ಉಳಿದದ್ದನ್ನು ಯಾರೂ ಓದುವುದಿಲ್ಲ. ಕಮಿಟಿ ವರ್ಷಕ್ಕೊಬ್ಬರಂತೆ ಸರದಿ ಮೇಲೆ ಹೋಗಲಿ, ಕಮಿಟಿಯಲ್ಲಿ ಇರುವವರಿಗೆ ರಜೆಯ ವಾರದ ಫೋನ್ ಡ್ಯೂಟಿ ಬೇಡ. ಬರದವರನ್ನು ಯಾಕೆ ಬರಲಿಲ್ಲ ಅಂತ ಕೇಳುವುದು ಬೇಡ. ಇದು ಸುಲಭದ ಭಾಗ.

ದಾನದ ಭಾಗಕ್ಕೆ ಹೆಚ್ಚು ಹೊತ್ತು ಹಿಡಿಯಿತು. ನಾನು ಈ ವಿಷಯ ಬಲ್ಲವಳಲ್ಲ, ಆಕೆ ಬಲ್ಲವರು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ವೀಲ್‌ಚೇರ್ ಕೊಡುವ ಬಗ್ಗೆ ಮಾರ್ಗಸೂಚಿ ತಂದಿದೆ. ಕೂರುವವರ ಅಳತೆ ನೋಡುವುದು, ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ಹೋಗಿ ವಿಚಾರಿಸುವುದು, ಎಲ್ಲ ಅದರಲ್ಲಿದೆ. ವೈದ್ಯಕೀಯ ಉಪಕರಣಗಳ ದಾನದ ಬಗ್ಗೆ 2011ರಲ್ಲಿ ಇನ್ನೊಂದು ಬಂತು. ಅದರಲ್ಲೂ ಪಡೆಯುವವರಿಗೆ ಏನು ಬೇಕು ಅಂತ ಮೊದಲು ಕೇಳಿ ಅಂತಲೇ ಇದೆ. ಇವೆರಡನ್ನೂ ಆಕೆ ಕಾಗದ ನೋಡದೆಯೇ ಹೇಳಿದರು. ಮೀಟಿಂಗಿನಲ್ಲಿ ಈ ಮಾರ್ಗಸೂಚಿಗಳ ಹೆಸರೆತ್ತಿದ್ದರಾ ಅಂತ ಕೇಳಿದೆ. "ಇಲ್ಲ, ಜೋರು ಮಾಡಿದ ಹಾಗಾಗುತ್ತೆ ಅಂತ" ಅಂದರು. ಬರೆಯಿರಿ ಅಂದೆ.

ಮೂರನೆಯದು ಆಕೆಯೇ ಸೂಚಿಸಿದ್ದು. ವರ್ಷದಲ್ಲಿ ತೀರಿಹೋದವರನ್ನು ಹಬ್ಬದ ಮುಂಚೆ ಹತ್ತು ನಿಮಿಷ ನೆನೆಯಬೇಕು. ಹೆಸರು, ಫೋಟೋ ಹಾಕೋಣ ಅಂದರು. ಅಲ್ಲಿ ನಾನು ತಡೆದೆ. ರೋಗಿಯ ಹೆಸರು, ಕಾಯಿಲೆ ಕಂಪನಿಗೆ ನಂಬಿ ಕೊಟ್ಟ ಗುಟ್ಟು, ಸತ್ತ ಮೇಲೂ ಅದು ಗುಟ್ಟೇ. ಮನೆಯವರನ್ನು ಕೇಳದೆ ಗೋಡೆಗೆ ಹಾಕುವ ಹಾಗಿಲ್ಲ. ಆಕೆ ಒಪ್ಪಿದರು, ಆದರೆ ಮುಖ ಸಣ್ಣದಾಯಿತು.

ಎರಡು ತಿಂಗಳ ನಂತರ ಕೊನೆಯ ಭೇಟಿ. ಕಮಿಟಿ ಬೇರೆಯವರ ಕೈಗೆ ಹೋಗಿತ್ತು. 12 ವೀಲ್‌ಚೇರ್‌ಗಳಲ್ಲಿ 5 ಮಾತ್ರ ಹೋದವು, ಆಕೆಯೇ ಟೇಪು ಹಿಡಿದು ವೃದ್ಧರ ಮನೆಗೆ ಹೋಗಿ ಅಳೆದು ಬಂದಿದ್ದರು. ಗಾಯದ ಪಟ್ಟಿಯ ವಿಷಯದಲ್ಲಿ ಮ್ಯಾನೇಜರ್ ಇನ್ನೂ ಜಗ್ಗಿಲ್ಲ. ಫೋನ್ ಡ್ಯೂಟಿ ಮುಂದಿನ ವರ್ಷ ನೋಡೋಣ ಅಂದಿದ್ದಾರೆ.

ಬ್ಯಾಗಿನಿಂದ ಒಂದು ಸಾದಾ ನೋಟ್‌ಬುಕ್ ತೆಗೆದು ತೋರಿಸಿದರು. ಫೋನ್ ಟೀಮಿನವರು ಸ್ಟೋರಿನಲ್ಲಿ ಇಟ್ಟುಕೊಂಡಿದ್ದಂತೆ. ಹೆಸರಿಲ್ಲ, ತಾರೀಕಿಲ್ಲ, ಕಾಯಿಲೆ ಇಲ್ಲ. ಯಂತ್ರ ವಾಪಸ್ ಬಂದಾಗ ಅದನ್ನು ಲೆಕ್ಕಕ್ಕೆ ಹಿಡಿದವರು ಮೀಟರಿನ ಅಂಕಿ ಬರೆದು ಹೋಗುತ್ತಾರೆ. ಐದೋ ಆರೋ ಬೇರೆ ಬೇರೆ ಕೈಬರಹ. ಮೊದಲ ಸಾಲಿನ 26 ಸಾವಿರ ಚಿಲ್ಲರೆ ಆಕೆಯದು.