ಕೊನೆಯ ಸಾಲು ಮೊದಲೇ ಗೊತ್ತಿದ್ದರೆ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಎರಡು ಸಂಕಲನ ಬಂದಿವೆ, ಜನ ಮೆಚ್ಚಿದ್ದಾರೆ. ಆದರೂ ಹೊಸ ಪದ್ಯಕ್ಕೆ ಕೂತರೆ ಕಸಿವಿಸಿ. ನಾಲ್ಕು ಸಾಲು ಬರೆಯುವಷ್ಟರಲ್ಲಿ ‘ಇದನ್ನು ಆಗಲೇ ಬರೆದಿದ್ದೇನಲ್ಲ’ ಅನ್ನಿಸುತ್ತದೆ. ದಾರಿ ಬದಲಿಸಿದರೆ ಇರುವ ಓದುಗರೂ ಕೈಬಿಟ್ಟಾರು ಎಂಬ ಅಳುಕು. ಭಾಮಿನಿ ಷಟ್ಪದಿ ಹಿಡಿಯಲೇ, ಇಲ್ಲ ಒಂದು ವರ್ಷ ಪೆನ್ನು ಮುಟ್ಟದಿರಲೇ ಎಂದು ಕೇಳಿದ್ದೀರಿ.

ಎರಡೂ ಬೇಡ. ಭಾಮಿನಿಯಲ್ಲಿ ಮೂರು ನಾಲ್ಕರ ಗಣ, ಚಿಕ್ಕ ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23. ಕಲಿತರೆ ಕಿವಿ ಪಳಗುತ್ತದೆ, ಕಲಿಯಿರಿ. ಆದರೆ ನಿಮ್ಮ ಕಾಯಿಲೆ ಮಾತ್ರೆ ಬದಲಿಸಿದರೆ ವಾಸಿಯಾಗುವಂಥದ್ದಲ್ಲ.

ಪತ್ರದ ನಡುವೆ ಒಂದು ಮಾತನ್ನು ಸುಮ್ಮನೆ ದಾಟಿಸಿಬಿಟ್ಟಿದ್ದೀರಿ: ‘ನನಗೆ ಯಾವಾಗಲೂ ಕೊನೆಯ ಸಾಲೇ ಮೊದಲು ಹೊಳೆಯುತ್ತದೆ, ಆಮೇಲೆ ಅಲ್ಲಿಗೆ ಪದ್ಯ ಕಟ್ಟಿಕೊಂಡು ಹೋಗುತ್ತೇನೆ.’ ಅಲ್ಲೇ ಇದೆ ನೋಡಿ ಗಂಟು! ಹೋಗಿ ಸೇರುವ ಮನೆ, ಅದರ ಬಾಗಿಲ ಬಣ್ಣ, ಅಲ್ಲಿ ಸಿಗುವ ಚಪ್ಪಾಳೆ ಎಲ್ಲ ಗೊತ್ತಿದ್ದು ಹೊರಡುತ್ತೀರಿ. ನಡುವಿನ ಸಾಲುಗಳು ಬರೀ ಹೊರೆಯಾಳುಗಳು. ನಿಮಗೇ ಅಚ್ಚರಿ ಇಲ್ಲದ ಕಡೆ ಕೈ ಬೇಸರಪಡದೆ ಇನ್ನೇನು ಮಾಡೀತು? ಆ ಕಸಿವಿಸಿಯನ್ನು ನಾನು ದೂರುವುದಿಲ್ಲ. ನಿಮ್ಮೊಳಗೆ ಸದ್ಯಕ್ಕೆ ಪ್ರಾಮಾಣಿಕವಾಗಿರುವುದು ಅದೊಂದೇ.

ನಾನು ದೂರುವುದು ‘ನಿಮ್ಮ ಶೈಲಿ ಮಾತ್ರ ಬಿಡಬೇಡಿ’ ಎನ್ನುವ ಆ ಗೆಳೆಯರನ್ನು. ನೀವು ಅವರನ್ನು ಹಿತೈಷಿ ಎಂದಿದ್ದೀರಿ. ಇರಬಹುದು. ಆದರೆ ಅವರಿಗೆ ಬೇಕಾಗಿರುವುದು ನಿಮ್ಮ ಮುಂದಿನ ಪದ್ಯವಲ್ಲ, ಹಳೆಯದರ ಇನ್ನೊಂದು ಪ್ರತಿ. ಹಸಿ ಪದ್ಯವನ್ನು ಯಾರಿಗೂ ಓದಬಾರದು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನೀವು ದಿನವೂ ರಾತ್ರಿ ಅವರಿಗೆ ಫೋನಿನಲ್ಲಿ ಓದುತ್ತೀರಂತೆ!

ಓದುಗರು ಹೋದಾರು ಎಂಬ ಭಯಕ್ಕೆ ಒಂದು ಮಾತು. 1942ರಲ್ಲಿ ‘ಮೈಸೂರು ಮಲ್ಲಿಗೆ’ ಕೊಟ್ಟ ಕೆ.ಎಸ್. ನರಸಿಂಹಸ್ವಾಮಿಯವರು ಜೀವನವಿಡೀ ಮಲ್ಲಿಗೆಯನ್ನೇ ಕಟ್ಟುತ್ತ ಕೂರಬಹುದಿತ್ತು, ಕೊಳ್ಳುವವರಿದ್ದರು. 1958ರ ‘ಶಿಲಾಲತೆ’ಯ ಹೊತ್ತಿಗೆ ಅವರ ದನಿಯೇ ಬೇರೆಯಾಗಿತ್ತು. ಮಲ್ಲಿಗೆ ಬೇಕೆಂದವರು ಮಲ್ಲಿಗೆ ಹಾಡಿಕೊಂಡೇ ಇದ್ದಾರೆ. ಅವರೇನೂ ಓಡಿಹೋಗಲಿಲ್ಲ.

ಈಗ ಮಾಡಬೇಕಾದ್ದು ಒಂದೇ ಕೆಲಸ. ತೀರಾ ಈಚೆಗೆ ಬರೆದ ಪದ್ಯ ತೆಗೆಯಿರಿ. ಕೊನೆಯ ಸಾಲೊಂದನ್ನು ಉಳಿಸಿಕೊಂಡು ಮಿಕ್ಕಿದ್ದೆಲ್ಲ ಹೊಡೆದುಹಾಕಿ. ಆ ಸಾಲನ್ನು ಹೊಸ ಹಾಳೆಯ ತಲೆಯ ಮೇಲೆ ಬರೆದು, ಅಲ್ಲಿಂದ ಮುಂದಕ್ಕೆ ಬರೆಯಿರಿ. ಎಲ್ಲಿಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ನೀವೂ ಕೇಳಿಕೊಳ್ಳಬೇಡಿ. ಕೆಟ್ಟ ಪದ್ಯವಾದರೆ ಆಗಲಿ. ಮೂರು ತಿಂಗಳು ಅದನ್ನು ಆ ಗೆಳೆಯರಿಗೆ ಓದಬೇಡಿ. ನನಗೂ ಕಳಿಸಬೇಡಿ.