ಕುಂಬಳೆಯಲ್ಲಿ ಇಳಿಯುವ ಭಾನುವಾರ

ಮಂಗಳೂರಿನ ಹಾಸ್ಟೆಲುಗಳಲ್ಲಿ ಕಾಸರಗೋಡಿನ ಹುಡುಗಿಯ ಜೊತೆ ಕೋಣೆ ಹಂಚಿಕೊಂಡ ಘಟ್ಟದ ಮೇಲಿನವರು ಕೇಳುವ ಪ್ರಶ್ನೆಯೊಂದಿದೆ. ವಾರವಿಡೀ ಓದಿ ದಣಿದವಳು, ಮಲಗಲು ಸಿಗುವ ಒಂದೇ ಭಾನುವಾರ ಬೆಳಿಗ್ಗೆ ಎದ್ದು ರೈಲು ಹತ್ತುತ್ತಾಳೆ. ನೇರ ಮನೆಗೂ ಹೋಗುವುದಿಲ್ಲ. ಕುಂಬಳೆಯಲ್ಲೋ ಉಪ್ಪಳದಲ್ಲೋ ಇಳಿದು ಯಾರದೋ ಜೊತೆ ಎರಡು ಗಂಟೆ ಮಾತಾಡಿ, ಮನೆಯಲ್ಲಿ ಊಟ ಮುಗಿಸಿ, ಸಂಜೆ ವಾಪಸ್ ಬಂದುಬಿಡುತ್ತಾಳೆ. ಅಷ್ಟು ಮಾತು ಫೋನಿನಲ್ಲಿ ಆಗುವುದಿಲ್ಲವೇ?

ಆಗುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಇಲ್ಲಿ ಹತ್ತನೇ ಕ್ಲಾಸು ಮುಗಿಯುವ ಹೊತ್ತನ್ನು ನೋಡಬೇಕು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಮಾಧ್ಯಮದ ಶಾಲೆಗಳು ಉಳಿದವು. ಅಂಥ ಶಾಲೆಯ ಒಂದು ಬೆಂಚಿನಲ್ಲಿ ಕೂತ ನಾಲ್ವರನ್ನು ತೆಗೆದುಕೊಳ್ಳಿ: ಒಬ್ಬಳ ಮನೆಯಲ್ಲಿ ಹವ್ಯಕ ಕನ್ನಡ, ಒಬ್ಬಳ ಮನೆಯಲ್ಲಿ ತುಳು, ಮತ್ತೊಬ್ಬಳಲ್ಲಿ ಬ್ಯಾರಿ, ಇನ್ನೊಬ್ಬಳಲ್ಲಿ ಮಲಯಾಳಂ. ನಾಲ್ವರಿಗೂ ಮನೆಯದಲ್ಲದ ಒಂದು ಮಾತು ಶಾಲೆಯಲ್ಲಿ ಹುಟ್ಟುತ್ತದೆ. ಅರ್ಧ ಕನ್ನಡ, ಅರ್ಧ ತುಳು, ಸಿಟ್ಟು ಬಂದಾಗ ಮಲಯಾಳಂ. ಹತ್ತು ವರ್ಷ ಒಟ್ಟಿಗೆ ಬೆಳೆಸಿದ ಆ ಮಾತನ್ನು ಆಡಲು ಬೇರೆಲ್ಲಿಯೂ ಜನ ಸಿಗುವುದಿಲ್ಲ. ಕಾಲೇಜಿಗೆ ಹೋದವಳಿಗೆ ಮೊದಲು ಕಾಡುವುದು ಅದರ ಕೊರತೆ.

ಹತ್ತನೇ ಕ್ಲಾಸಿನ ನಂತರ ದಾರಿ ಎರಡು. ಇಲ್ಲೇ ಕೇರಳದ ಪ್ಲಸ್ ಟು (ಹನ್ನೊಂದು, ಹನ್ನೆರಡನೇ ಕ್ಲಾಸು), ಅಥವಾ ಗಡಿ ದಾಟಿ ಕರ್ನಾಟಕದ ಪಿಯುಸಿ. ದಾಟುವವರಿಗೂ ದಿಕ್ಕು ಒಂದಲ್ಲ. ಉಪ್ಪಳ, ಹೊಸಂಗಡಿಯವರು ತಲಪಾಡಿ ಮೂಲಕ ಮಂಗಳೂರಿಗೆ. ಪೆರ್ಲದವರು ಅಡ್ಯನಡ್ಕ, ವಿಟ್ಲ ದಾಟಿ ಪುತ್ತೂರಿಗೆ. ಮುಳ್ಳೇರಿಯ, ಅಡೂರಿನವರು ಜಾಲ್ಸೂರು ಮೂಲಕ ಸುಳ್ಯಕ್ಕೆ. ಬೆಂಚಿನ ನಾಲ್ವರು ನಾಲ್ಕು ಬೇರೆ ಬಸ್ಸು ಹಿಡಿಯುವುದು ಇಲ್ಲಿ ತೀರಾ ಸಾಮಾನ್ಯ.

ಇಲ್ಲೇ ಉಳಿಯುವವರನ್ನು ಬೇರೆ ಮಾಡುವುದು ಪ್ಲಸ್ ವನ್ ಅಲಾಟ್‌ಮೆಂಟು. ಕೇರಳದಲ್ಲಿ ಏಕಜಾಲಕ, ಅಂದರೆ ಎಲ್ಲ ಶಾಲೆಗೂ ಒಂದೇ ಅರ್ಜಿ: ಶಾಲೆ ಮತ್ತು ಕಾಂಬಿನೇಶನ್ ಸೇರಿ ಒಂದು ಆಪ್ಶನ್, ಅವನ್ನು ಇಷ್ಟದ ಕ್ರಮದಲ್ಲಿ ತುಂಬಬೇಕು. ಮೊದಲ ಆಪ್ಶನ್ನೇ ಸಿಕ್ಕಿದರೆ ಕಾಯಂ ಪ್ರವೇಶ. ಕೆಳಗಿನದು ಸಿಕ್ಕಿದರೆ ತಾತ್ಕಾಲಿಕ ಪ್ರವೇಶ ಪಡೆದು ಮುಂದಿನ ಅಲಾಟ್‌ಮೆಂಟಿಗೆ ಕಾಯಬಹುದು. ಗೆಳತಿಯರು ಎಡವುವುದು ಈ ಕಾಯುವಿಕೆಯಲ್ಲಿ. ಮೂರನೇ ಆಪ್ಶನ್ನಿನಲ್ಲಿ ಇಬ್ಬರಿಗೂ ಒಂದೇ ಶಾಲೆ ಸಿಗುತ್ತದೆ, ಖುಷಿಯಲ್ಲಿ ಸೇರುತ್ತಾರೆ. ಮೇಲಿನ ಎರಡು ಆಪ್ಶನ್‌ಗಳನ್ನು ರದ್ದು ಮಾಡಲು ಒಬ್ಬಳು ಮರೆಯುತ್ತಾಳೆ. ಮುಂದಿನ ಪಟ್ಟಿಯಲ್ಲಿ ಅವಳಿಗೆ ಮೇಲಿನ ಶಾಲೆ ಬಂದರೆ ಅಲ್ಲಿಗೇ ಹೋಗಬೇಕು. ಇದ್ದಲ್ಲೇ ಇರುತ್ತೇನೆ ಎನ್ನಲು ಬರುವುದಿಲ್ಲ. ಒಂದೇ ಶಾಲೆ ಬೇಕೆನ್ನುವವರು ತಾತ್ಕಾಲಿಕ ಪ್ರವೇಶದ ಹೊತ್ತಿನಲ್ಲೇ ಒಟ್ಟಿಗೆ ಕೂತು ಮೇಲಿನ ಆಪ್ಶನ್ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂದು ನಿರ್ಧರಿಸಬೇಕು.

ಬೋನಸ್ ಅಂಕ ಇನ್ನೊಂದು ಗಂಟು. ತಾನು ಕಲಿತ ಶಾಲೆಗೆ, ಸ್ವಂತ ಪಂಚಾಯತಿನ ಶಾಲೆಗೆ ಅರ್ಜಿ ಹಾಕಿದರೆ ಬೋನಸ್ ಸೇರುತ್ತದೆ. ಹತ್ತಕ್ಕೆ ಹತ್ತೂ ಎ ಪ್ಲಸ್ ಪಡೆದ ಇಬ್ಬರಲ್ಲಿ ಒಬ್ಬಳ ಮನೆ ಕುಂಬಳೆ ಪಂಚಾಯತಿನಲ್ಲಿ, ಇನ್ನೊಬ್ಬಳದು ಪುತ್ತಿಗೆಯಲ್ಲಿ ಇದ್ದರೆ, ಕುಂಬಳೆಯ ಶಾಲೆಯ ಸೀಟು ಒಬ್ಬಳಿಗೆ ಹತ್ತಿರ, ಒಬ್ಬಳಿಗೆ ದೂರ. ‘ನಿನಗೆ ಹೇಗೆ ಸಿಕ್ಕಿತು, ನನಗೇಕೆ ಇಲ್ಲ’ ಎಂಬ ಮೊದಲ ಕಹಿ ಇಲ್ಲಿ ಹುಟ್ಟುತ್ತದೆ. ಲೆಕ್ಕವನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಅಷ್ಟು ನೋಯುವುದಿಲ್ಲ.

ಗೆಳತಿಗಾಗಿ ಕಾಂಬಿನೇಶನ್ ಬದಲಿಸುವುದು ಮಾತ್ರ ಬೇಡ. ಕಾಮರ್ಸ್ ಇಷ್ಟವಿದ್ದವಳು ಗೆಳತಿಯ ಹಿಂದೆ ಸೈನ್ಸಿಗೆ ಹೋಗಿ ಫಿಸಿಕ್ಸಿನಲ್ಲಿ ಸೋತರೆ, ಸೋಲಿನ ಸಿಟ್ಟು ಗೆಳತಿಯ ಮೇಲೆಯೇ ತಿರುಗುತ್ತದೆ. ಶಾಲೆ ಒಂದೇ ಇದ್ದು ಕ್ಲಾಸು ಬೇರೆಯಾದರೂ ಬೆಳಗಿನ ಬಸ್ಸು ಮತ್ತು ಮಧ್ಯಾಹ್ನದ ಬುತ್ತಿ ಒಟ್ಟಿಗೇ ಇರುತ್ತವೆ. ಅಷ್ಟು ಸಾಕು.

ಗಡಿ ದಾಟುವವಳ ಕಾಲವೇ ಬೇರೆ. ಇಲ್ಲಿ ಅಲಾಟ್‌ಮೆಂಟು ಇನ್ನೂ ನಡೆಯುತ್ತಿರುವಾಗ ಅಲ್ಲಿ ಪಿಯು ತರಗತಿ ಶುರುವಾಗಿರುತ್ತದೆ. ಹಾಗಾಗಿ ಅವಳು ಬೇಗ ನಿರ್ಧರಿಸಬೇಕು, ಮತ್ತು ಎಷ್ಟೋ ಸಲ ಅದನ್ನು ಗೆಳತಿಯರಿಗೆ ಹೇಳುವುದೇ ಇಲ್ಲ. ಬಿಟ್ಟುಹೋಗುತ್ತಿದ್ದೇನೆ ಎಂಬ ಅಳುಕು. ಸುದ್ದಿ ಬೇರೆಯವರ ಬಾಯಿಂದ ಗೊತ್ತಾಗುತ್ತದೆ. ಊರು ಬಿಟ್ಟದ್ದಕ್ಕಿಂತ ಹೇಳದೆ ಹೋದದ್ದು ಹೆಚ್ಚು ದಿನ ನೆನಪಿರುತ್ತದೆ. ಮುಂದೆ ಅಂಕದ ಹೋಲಿಕೆಯೂ ತಪ್ಪುತ್ತದೆ: ಪ್ಲಸ್ ಟು ಎರಡು ವರ್ಷ ಸೇರಿ 1200ಕ್ಕೆ, ದ್ವಿತೀಯ ಪಿಯುಸಿ 600ಕ್ಕೆ. ಮನೆಮಂದಿ ಎರಡನ್ನೂ ಪಕ್ಕದಲ್ಲಿಟ್ಟು ಮಾತಾಡಿದರೆ ಇಬ್ಬರಿಗೂ ಅನ್ಯಾಯ. ಡಿಗ್ರಿಯಲ್ಲೂ ಅಷ್ಟೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ಬೇಕಾದವರು ಮೂರು ವರ್ಷಕ್ಕೆ ಮುಗಿಸಬಹುದು. ಅದೇ ವರ್ಷ ಕರ್ನಾಟಕ ಮೂರು ವರ್ಷದ ಪದವಿಗೆ ಮರಳಿತು. ಒಟ್ಟಿಗೆ ಕಾಲೇಜು ಸೇರಿದವರು ಒಟ್ಟಿಗೆ ಮುಗಿಸುತ್ತಾರೆ ಎನ್ನುವಂತಿಲ್ಲ.

ಹೊರಗಿನವರು ಇದನ್ನೆಲ್ಲ ಬಿಟ್ಟು ಬೇರೊಂದು ಕಾರಣ ಊಹಿಸುತ್ತಾರೆ. ಒಬ್ಬಳ ತಲೆಯ ಮೇಲೆ ಶಾಲು, ಒಬ್ಬಳ ಹಣೆಯಲ್ಲಿ ಬೊಟ್ಟು. ದೊಡ್ಡವರಾದರು, ದೂರವಾದರು ಎಂದು. ಅದು ಸುಳ್ಳೆಂದು ಪೂರ್ತಿ ತಳ್ಳಿಹಾಕುವಂತಿಲ್ಲ. 2022ರ ಹಿಜಾಬ್ ವಿವಾದದ ಮೇಲೆ, ಮಗಳನ್ನು ತಲಪಾಡಿ ದಾಟಿಸುವ ಮುಂಚೆ ಕಾಲೇಜಿನ ಸಮವಸ್ತ್ರದ ನಿಯಮ ವಿಚಾರಿಸುವ ಮನೆಗಳಿವೆ, ಅದೇ ಕಾರಣಕ್ಕೆ ಇಲ್ಲೇ ಪ್ಲಸ್ ಟುಗೆ ಸೇರಿಸಿದವರೂ ಇದ್ದಾರೆ. ಆದರೆ ಹತ್ತು ವರ್ಷ ಒಂದೇ ಬುತ್ತಿಯಿಂದ ಉಂಡವರು ಅದಕ್ಕಾಗಿ ಮಾತು ಬಿಡುವುದು ಕಡಿಮೆ. ಅವರನ್ನು ಮೆಲ್ಲಗೆ ಬೇರೆ ಮಾಡುವುದು ಬಸ್ಸಿನ ದಿಕ್ಕು ಮತ್ತು ರಜೆಯ ಪಟ್ಟಿ.

ರಜೆಯನ್ನೇ ನೋಡಿ. ಇಲ್ಲಿಯವಳಿಗೆ ಓಣಂಗೆ ಉದ್ದ ರಜೆ, ಅಲ್ಲಿಯವಳಿಗೆ ಆಗ ಇಂಟರ್ನಲ್ ಪರೀಕ್ಷೆ. ಅಲ್ಲಿ ದಸರಾ ರಜೆ ಸಿಕ್ಕಾಗ ಇಲ್ಲಿ ಪೂಜೆಗೆಂದು ಎರಡು ಮೂರು ದಿನ ಮಾತ್ರ. ಯುಗಾದಿಗೆ ಅಲ್ಲಿ ರಜೆ, ಇಲ್ಲಿ ಇಲ್ಲ. ಮಂಗಳೂರಿನ ಹಲವು ಕಾಲೇಜುಗಳಲ್ಲಿ ಶನಿವಾರ ಅರ್ಧ ದಿನ ಕ್ಲಾಸು, ಇಲ್ಲಿ ಶನಿವಾರ ಬಿಡುವು. ಜುಲೈಯ ಮಳೆಗೆ ಕಾಸರಗೋಡಿನ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ದಕ್ಷಿಣ ಕನ್ನಡದಲ್ಲಿ ಇರುವುದಿಲ್ಲ, ಮರುದಿನ ಅಲ್ಲಿ ಕೊಟ್ಟಾಗ ಇಲ್ಲಿ ಬಿಸಿಲು. ಕಳೆದು ಕಳೆದು ಉಳಿಯುವುದು ಭಾನುವಾರ. ಅದಲ್ಲದೆ ಹೊಸ ವರ್ಷದ ವಿಷು ಒಂದಿದೆ. ತುಳುವರ ಬಿಸುವೂ ಆಗಲೇ ಬರುವುದರಿಂದ ಆಚೆಯವಳೂ ಹೇಗಾದರೂ ಊರಿಗೆ ಬರುತ್ತಾಳೆ. ಇನ್ನೊಂದು ಪೆರ್ನಾಲ್, ಅಂದರೆ ಈದ್. ಕರಾವಳಿ ಕರ್ನಾಟಕ ಸಾಮಾನ್ಯವಾಗಿ ಕೇರಳದ ಚಂದ್ರದರ್ಶನವನ್ನೇ ಅನುಸರಿಸುವುದರಿಂದ ಮಂಗಳೂರಿಗೂ ಕಾಸರಗೋಡಿಗೂ ಹಬ್ಬ ಒಂದೇ ದಿನ. ಬೆಂಗಳೂರಿನ ಕ್ಯಾಲೆಂಡರು ನೋಡಿ ಟಿಕೆಟ್ ಮಾಡಿದವಳಿಗೆ ಮಾತ್ರ ಒಮ್ಮೊಮ್ಮೆ ಒಂದು ದಿನ ತಪ್ಪುತ್ತದೆ. ಗೆಳತಿಯ ಮನೆಯ ಬಿರಿಯಾನಿ ತಪ್ಪಬಾರದೆಂದಿದ್ದರೆ ಗೆಳತಿಯನ್ನೇ ಕೇಳಿಕೊಳ್ಳಬೇಕು.

ಪ್ರಯಾಣದಲ್ಲಿ ಗೊತ್ತಿರಬೇಕಾದ ಮುಖ್ಯ ಸಂಗತಿ ರೈಲಿನದು. ಮನೆಗೂ ಕಾಲೇಜಿಗೂ ನಡುವೆ ಓಡಾಡುವ ಹುಡುಗಿಯರಿಗೆ ಪದವಿ ಮುಗಿಯುವ ತನಕ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟ್ ಉಚಿತ. ಕಾಲೇಜಿನಿಂದ ಸಹಿ, ಮೊಹರು ಹಾಕಿಸಿದ ಪತ್ರ ತಂದು ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ರಾಜ್ಯದ ಗಡಿ ಇದಕ್ಕೆ ಅಡ್ಡ ಬರುವುದಿಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಹೋಗುವವರ ಗೆಳೆತನ ಉಳಿಯುವುದು ಈ ಡಬ್ಬಿಗಳಲ್ಲೇ, ಏಕೆಂದರೆ ಕಾಲೇಜು ಬೇರೆಯಾದರೂ ರೈಲು ಒಂದೇ. ಕೆಡುವುದು ಎರಡು ಕಡೆ. ಸೀಸನ್ ಹಿಡಿದು ರಿಸರ್ವೇಶನ್ ಬೋಗಿ ಹತ್ತಿದರೆ ದಂಡ. ಪಿಜಿಗೆ ಸೇರಿದ ಮೇಲೂ ಉಚಿತವೆಂದು ನಂಬಿದರೆ ಕೌಂಟರಿನಲ್ಲಿ ನಿರಾಸೆ. ಆಗ ರಿಯಾಯಿತಿ ಮಾತ್ರ.

ಬಸ್ಸಿನ ಕತೆ ಅಷ್ಟು ಸರಳವಲ್ಲ. 2023ರ ಜೂನ್ 11ರಿಂದ ಕರ್ನಾಟಕದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, ಆದರೆ ಅದು ಕರ್ನಾಟಕದ ವಿಳಾಸ ಇದ್ದವರಿಗೆ. ಅಡ್ಯನಡ್ಕದವಳೂ ಪೆರ್ಲದವಳೂ ಪುತ್ತೂರಿಗೆ ಹೋಗುವ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂತಿರುತ್ತಾರೆ. ಒಬ್ಬಳಿಗೆ ಶೂನ್ಯ ಟಿಕೆಟ್, ಇನ್ನೊಬ್ಬಳಿಗೆ ಪೂರ್ತಿ ದುಡ್ಡು. ತಿಂಗಳಿಗೆ ಅದು ಸಣ್ಣ ಮೊತ್ತವಲ್ಲ. ತಾನೂ ಪಾಲು ಕೊಡುತ್ತೇನೆಂದು ಮೊದಲನೆಯವಳು ಹೇಳಿದರೆ ಎರಡನೆಯವಳಿಗೆ ಸಂಕೋಚ. ಕ್ಯಾಂಟೀನಿನ ಚಹಾದ ಲೆಕ್ಕವನ್ನು ಮೊದಲನೆಯವಳೇ ಸದ್ದಿಲ್ಲದೆ ವಹಿಸಿಕೊಂಡರೆ ಯಾರಿಗೂ ಮುಜುಗರವಿಲ್ಲ.

ಈ ಗಡಿಗೆರೆ ಎಷ್ಟು ಗಟ್ಟಿ ಎಂದು ತೋರಿದ್ದು ಕೊರೊನಾ ಬಂದ 2020ರ ಮಾರ್ಚ್. ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. 2021ರಲ್ಲಿ ಮತ್ತೆ ಆರ್‌ಟಿಪಿಸಿಆರ್ ನೆಗೆಟಿವ್ ಪತ್ರ ಕೇಳಿದಾಗ ದಿನಾ ಓಡಾಡುವ ವಿದ್ಯಾರ್ಥಿನಿಯರು ಗಂಟಲು ಮೂಗು ಕೆದಕಿಸಿಕೊಂಡು ಪರೀಕ್ಷೆಗೆ ಹೋದರು. ಅಂದಿನಿಂದ, ಮಗಳನ್ನು ಎಲ್ಲಿ ಓದಿಸುವುದು ಎಂಬ ಮಾತು ಬಂದಾಗ ‘ಗಡಿ ಮುಚ್ಚಿದರೆ?’ ಎನ್ನುವ ಪ್ರಶ್ನೆಯನ್ನೂ ಇಲ್ಲಿಯ ಹಿರಿಯರು ಕೇಳುತ್ತಾರೆ.

ಇನ್ನು ಮಾತಿನ ವಿಷಯ. ಇಲ್ಲೇ ಪ್ಲಸ್ ಟು ಓದಿದವಳಿಗೆ ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳಂನಲ್ಲಿ. ಆರು ತಿಂಗಳಲ್ಲಿ ಅವಳ ಬಾಯಲ್ಲಿ ಗೆಳತಿಯನ್ನು ಕರೆಯುವ ಮಲಯಾಳಂ ‘ಎಡೀ’ ಕೂತುಬಿಡುತ್ತದೆ. ಮಂಗಳೂರಿನವಳ ‘ಮಾರಾಯ್ತಿ’ಯ ಸುತ್ತ ಇಂಗ್ಲಿಷ್ ಹೆಚ್ಚುತ್ತದೆ. ಮೊದಲ ಭೇಟಿಯಲ್ಲಿ ಇಬ್ಬರಿಗೂ ಎದುರಿನವಳು ಬದಲಾದಳು ಎನಿಸುತ್ತದೆ, ತಾನು ಬದಲಾದದ್ದು ಕಾಣುವುದಿಲ್ಲ. ‘ನೀನು ಈಗ ದೊಡ್ಡ ಮಂಗಳೂರಿನವಳು’ ಎಂಬ ಒಂದು ತಮಾಷೆ ನಾಟಿದರೆ ಮೂರು ತಿಂಗಳು ಫೋನಿಲ್ಲ. ಜಗಳವಾದರೆ ಸರಿಹೋಗುತ್ತದೆ. ‘ಅವಳು ಬಿಜಿ ಇರಬಹುದು’ ಎಂದು ಎರಡೂ ಕಡೆ ಸುಮ್ಮನಾದದ್ದು ಸರಿಹೋಗುವುದು ಕಷ್ಟ. ಬೀಳ್ಕೊಡುಗೆಯ ದಿನ ಮಾಡಿದ ನಲವತ್ತು ಜನರ ವಾಟ್ಸಾಪ್ ಗುಂಪು ಬೇಗ ಹಬ್ಬದ ಶುಭಾಶಯದ ಗುಂಪಾಗುತ್ತದೆ; ಬಾಳುವುದು ಮೂರು ನಾಲ್ಕು ಜನರದು. ಅದರಲ್ಲೂ ಟೈಪು ಮಾಡಿದ ಸಂದೇಶಕ್ಕಿಂತ, ಬಸ್ಸಿನ ಗದ್ದಲದ ನಡುವೆ ಕಳಿಸಿದ ಧ್ವನಿ ಒಳ್ಳೆಯದು. ಬೆಂಚಿನ ಮಾತು ಅದರಲ್ಲಿ ಹಾಗೆಯೇ ಇರುತ್ತದೆ.

ಇಲ್ಲಿ ಹುಡುಗಿಯರ ಗೆಳೆತನ ಇಬ್ಬರ ನಡುವೆ ಮಾತ್ರ ನಡೆಯುವುದಲ್ಲ ಎಂಬುದನ್ನೂ ತಿಳಿಯಿರಿ. ನಡುವೆ ಅಮ್ಮಂದಿರಿದ್ದಾರೆ. ‘ಅವಳ ಉಮ್ಮ ಫೋನ್ ಮಾಡಿದ್ದರು, ಹಬ್ಬಕ್ಕೆ ಕಳಿಸಿ ಅಂದರು’ ಎನ್ನುವ ಮಾತಿಗೆ ಇರುವ ಬಲ ‘ನಾನು ಹೋಗಿ ಬರುತ್ತೇನೆ’ ಎನ್ನುವುದಕ್ಕೆ ಇಲ್ಲ. ಒಳನಾಡಿನ ಹಲವು ದಾರಿಗಳಲ್ಲಿ ಕೊನೆಯ ಬಸ್ಸು ಏಳರ ಆಸುಪಾಸಿಗೆ ಹೋಗಿಬಿಡುವುದರಿಂದ, ತಡವಾದರೆ ಯಾರ ಅಣ್ಣ ಸ್ಕೂಟರಿನಲ್ಲಿ ಬಿಡುವುದು ಎಂಬುದೂ ಅಮ್ಮಂದಿರಲ್ಲೇ ತೀರ್ಮಾನ. ಭೇಟಿ ಕುಂಬಳೆಯಲ್ಲೇ ಯಾಕೆ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ: ರೈಲು, ಹೆದ್ದಾರಿ, ಬದಿಯಡ್ಕದ ರಸ್ತೆ ಅಲ್ಲಿ ಸೇರುತ್ತವೆ. ಹಗಲು ಹೊತ್ತು, ನಾಲ್ಕು ಜನರ ಕಣ್ಣ ಮುಂದೆ, ಯಾರ ಮನೆಯಲ್ಲೂ ಆಕ್ಷೇಪವಿಲ್ಲ.

ಕಾಲೇಜು ಮುಗಿದ ಮೇಲಿನ ಪರೀಕ್ಷೆ ಇನ್ನೂ ಕಠಿಣ. ಕನ್ನಡದವರಿಗೆ ಇಲ್ಲಿ ಇರುವ ಸರಕಾರಿ ಕೆಲಸ ಕೆಲವೇ, ಅದರಲ್ಲಿ ಮುಖ್ಯ ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆ. ಒಟ್ಟಿಗೆ ಕೆ-ಟೆಟ್‌ಗೆ (ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ) ಓದಿದ ಇಬ್ಬರು ಕೇರಳ ಲೋಕಸೇವಾ ಆಯೋಗದ (ಪಿಎಸ್‌ಸಿ) ಒಂದೇ ರ‍್ಯಾಂಕ್ ಪಟ್ಟಿಯಲ್ಲಿ ಬರುತ್ತಾರೆ. ಪಟ್ಟಿಗೆ ಹೆಚ್ಚೆಂದರೆ 3 ವರ್ಷ ಆಯುಸ್ಸು. ನೇಮಕ ಇಪ್ಪತ್ತರ ಸರದಿಯಲ್ಲಿ, ಅರ್ಧ ಮೆರಿಟ್, ಅರ್ಧ ಮೀಸಲಾತಿ. ಹಾಗಾಗಿ ಕೆಳಗಿನ ರ‍್ಯಾಂಕಿನವಳಿಗೆ ಅಡ್ವೈಸ್ (ನೇಮಕದ ಶಿಫಾರಸು ಪತ್ರ) ಮೊದಲು ಬರಬಹುದು, ಮೇಲಿನವಳು ಕಾಯುತ್ತಾ ಪಟ್ಟಿಯೇ ಮುಗಿಯಬಹುದು. ಇದು ಗೆಳತಿಯ ತಪ್ಪಲ್ಲವೆಂದು ಬುದ್ಧಿಗೆ ಗೊತ್ತಿದ್ದರೂ ಹೊಟ್ಟೆ ಕೇಳುವುದಿಲ್ಲ. ಈ ಹಂತ ದಾಟಿದ ಜೋಡಿಗಳು ಒಂದು ಕೆಲಸ ಮಾಡಿರುತ್ತಾರೆ: ಅಡ್ವೈಸ್ ಬಂದವಳು ಆ ಸುದ್ದಿಯನ್ನು ತಾನೇ, ಅದೇ ದಿನ, ಎದುರು ಕೂತು ಹೇಳಿರುತ್ತಾಳೆ. ಕರ್ನಾಟಕದಲ್ಲಿ ಬಿ.ಎಡ್ ಮಾಡಿ ಬಂದವಳಿಗಾದರೆ ಅದಕ್ಕೂ ಮುಂಚೆ, ಆ ಪದವಿ ಕೇರಳದ್ದಕ್ಕೆ ಸಮ ಎನ್ನುವ ತತ್ಸಮಾನ ಪತ್ರದ ಓಡಾಟ ಇದೆ; ಅಲ್ಲಿ, ಇಲ್ಲೇ ಓದಿ ಕಚೇರಿಯ ದಾರಿ ತಿಳಿದ ಗೆಳತಿಯೇ ಆಸರೆ.

ನಿಮ್ಮ ಕೋಣೆಯವಳು ಜನವರಿಯಲ್ಲಿ ‘ಕುಂಬಳೆ ಬೆಡಿಗೆ ಬರುತ್ತೀಯಾ’ ಎಂದು ಕರೆದರೆ ಹೋಗಿ. ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆ ಅದು, ರಾತ್ರಿ ಸಿಡಿಮದ್ದು. ಚದುರಿದ ಬೆಂಚು ವರ್ಷಕ್ಕೊಮ್ಮೆ ಪೂರ್ತಿ ಸೇರುವುದು ಅಲ್ಲಿ. ಅದೇ ರಾತ್ರಿ ವಾಪಸಾಗುವ ಯೋಚನೆ ಇಟ್ಟುಕೊಳ್ಳಬೇಡಿ, ಒಂದು ಜೊತೆ ಬಟ್ಟೆ ಹೆಚ್ಚು ತನ್ನಿ. ರಾತ್ರಿ ಅವಳ ಮನೆಯಲ್ಲಿ ಉಳಿದರೂ, ಬೆಳಗಿನ ಪತ್ತಿರ್ ಅಕ್ಕಿರೊಟ್ಟಿಗೆ ನಿಮ್ಮನ್ನು ಇನ್ನೊಬ್ಬಳ ಮನೆಗೆ ಕರೆದುಕೊಂಡು ಹೋಗುತ್ತಾರೆ.